ಅಗ್ಗದ ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್: ‘ಒಂದೇ ಬಂದೂಕು, ಎಲ್ಲ ಕೆಲಸಕ್ಕೂ’ ಎಂಬ ಮಾತು ಎಷ್ಟು ನಿಜ?

ಅಮೆರಿಕದ ಅಂಗಡಿಯೊಂದರಲ್ಲಿ ಗೋಡೆ ತುಂಬ ಬಂದೂಕುಗಳು. ‘ಅಲ್ಲಿ ತರಕಾರಿ ಕೊಂಡಷ್ಟೇ ಸುಲಭ’ ಎಂಬ ಸಾಲು. ಕೆಳಗೆ ‘ಈ ಒಂದು ಶಾಟ್‌ಗನ್ ಇದ್ದರೆ ಸಾಕು, ಗುರಿಯೂ ಬೇಡ, ಅಭ್ಯಾಸವೂ ಬೇಡ’ ಎಂಬ ಇನ್ನೊಂದು ಸಾಲು. ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಡಿ ಬೆರಗಾಗಿ ಮುಂದಕ್ಕೆ ಕಳಿಸುವುದು ಸುಲಭ. ಆದರೆ ಅದೇ ಗ್ರೂಪಿನಲ್ಲಿ ಡಲ್ಲಾಸ್‌ನಲ್ಲೋ ಸಿಯಾಟಲ್‌ನಲ್ಲೋ ಕೆಲಸಕ್ಕಿರುವ ಮಗ, ಸೊಸೆ, ಗೆಳೆಯ ಇದ್ದರೆ? ಅವರು ಸ್ನೇಹಿತರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ‘ನಾವೂ ಒಂದು ತಗೊಳ್ಳೋಣ’ ಎಂದುಕೊಂಡರೆ? ಆಗ ಆ ಅರೆಬೆಂದ ಮಾಹಿತಿ ಕಿವಿ, ಕೈ, ವೀಸಾ, ಕೆಲವೊಮ್ಮೆ ಜೀವಕ್ಕೇ ಕುತ್ತು ತರಬಹುದು.

ಒಂದೊಂದಾಗಿ ನೋಡೋಣ.

ಹೇಳಿಕೆ 1: ‘ಸೆಮಿ-ಆಟೋಮ್ಯಾಟಿಕ್ ಅಂದರೆ ಮೆಷಿನ್ ಗನ್’

ಸುಳ್ಳು. ಮೆಷಿನ್ ಗನ್ನಿನಲ್ಲಿ ಟ್ರಿಗರ್ ಒತ್ತಿ ಹಿಡಿದರೆ ಗುಂಡುಗಳು ಹಾರುತ್ತಲೇ ಇರುತ್ತವೆ. ಸೆಮಿ-ಆಟೋಮ್ಯಾಟಿಕ್‌ನಲ್ಲಿ ಒಂದು ಸಲ ಒತ್ತಿದರೆ ಒಂದೇ ಈಡು. ಖಾಲಿ ತೋಟಾ ಹೊರಬಿದ್ದು ಹೊಸ ತೋಟಾ ಒಳಗೆ ಕೂರುವ ಕೆಲಸ ಮಾತ್ರ ತಾನಾಗಿಯೇ ನಡೆಯುತ್ತದೆ. ಇದು ಹೊಸ ತಂತ್ರಜ್ಞಾನವೂ ಅಲ್ಲ. ಅಮೆರಿಕದ ಜಾನ್ ಬ್ರೌನಿಂಗ್ ಇಂಥ ಶಾಟ್‌ಗನ್ನಿಗೆ 1900ರಲ್ಲೇ ಪೇಟೆಂಟ್ ಪಡೆದಿದ್ದರು.

ಹೊಸ ತೋಟಾ ತಾನಾಗಿ ಕೂರುವುದಕ್ಕೆ ಇಂದು ಮುಖ್ಯವಾಗಿ ಎರಡು ವಿಧಾನಗಳಿವೆ. ಗ್ಯಾಸ್ ಪದ್ಧತಿಯಲ್ಲಿ ಸ್ಫೋಟದ ಅನಿಲದ ಸ್ವಲ್ಪ ಭಾಗ ನಳಿಕೆಯ ಸಣ್ಣ ರಂಧ್ರದಿಂದ ಹೊರಬಂದು ಪಿಸ್ಟನ್ ತಳ್ಳುತ್ತದೆ. ಭುಜಕ್ಕೆ ಬೀಳುವ ಹೊಡೆತ ತುಸು ಹೆಚ್ಚು ಹೊತ್ತಿಗೆ ಹಂಚಿಹೋಗುವುದರಿಂದ ಮೆತ್ತಗೆ ಅನಿಸುತ್ತದೆ. ಆದರೆ ಮಸಿ ಕಟ್ಟುತ್ತದೆ, ಆಗಾಗ ಬಿಚ್ಚಿ ಒರೆಸಬೇಕು. ಇನರ್ಷಿಯಾ ಪದ್ಧತಿಯಲ್ಲಿ ಬಂದೂಕು ಹಿಂದಕ್ಕೆ ಒದೆಯುವ ಚಲನೆಯಿಂದಲೇ ಒಳಗಿನ ಸ್ಪ್ರಿಂಗ್ ಕೆಲಸ ಮಾಡುತ್ತದೆ. ಬಿಡಿಭಾಗ ಕಡಿಮೆ, ಮಸಿಯೂ ಕಡಿಮೆ. ಆದರೆ ಹೊಡೆತ ಚುರುಕು. ತೀರಾ ಹಗುರ ತೋಟಾ ಹಾಕಿದರೆ ಕೆಲವೊಮ್ಮೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ವಾರಾಂತ್ಯಕ್ಕೆ ನೂರಾರು ಹಗುರ ತೋಟಾ ಸಿಡಿಸುವವರಿಗೆ ಗ್ಯಾಸ್ ಹಿತ. ಕೆಸರು, ಮಳೆ, ಚಳಿಯಲ್ಲಿ ಬಾತುಕೋಳಿ ಬೇಟೆಗೆ ಹೋಗುವವರು ಇನರ್ಷಿಯಾ ಮೆಚ್ಚುತ್ತಾರೆ. ಎರಡರಲ್ಲಿ ಯಾವುದೂ ‘ನಕಲಿ’ ಅಲ್ಲ.

ಹೇಳಿಕೆ 2: ‘ಶಾಟ್‌ಗನ್ನಿಗೆ ಗುರಿಯೇ ಬೇಡ, ಎದುರಿಗಿದ್ದದ್ದೆಲ್ಲ ಖಲಾಸ್’

ಸುಳ್ಳು, ಅಪಾಯಕಾರಿ ಸುಳ್ಳು. ಶಾಟ್‌ಗನ್ ತೋಟಾದಲ್ಲಿ ಒಂದೇ ಗುಂಡಿನ ಬದಲು ನೂರಾರು ಸಣ್ಣ ಚರೆಗಳಿರುತ್ತವೆ. ಅವು ನಳಿಕೆಯಿಂದ ಹೊರಬಿದ್ದ ಕ್ಷಣವೇ ಛತ್ರಿಯಂತೆ ಬಿಚ್ಚಿಕೊಳ್ಳುವುದಿಲ್ಲ, ದೂರ ಹೋದಂತೆ ನಿಧಾನವಾಗಿ ಹರಡುತ್ತವೆ. ಕೋಣೆಯೊಳಗಿನ ನಾಲ್ಕೈದು ಮೀಟರ್ ದೂರದಲ್ಲಿ ಆ ಹರಡುವಿಕೆ ಅಂಗೈ ಅಗಲಕ್ಕಿಂತ ಹೆಚ್ಚೇನೂ ಇರದು. ಗುರಿ ತಪ್ಪಿದರೆ ಪೂರ್ತಿ ತಪ್ಪಿದಂತೆಯೇ. ತಪ್ಪಿದ ಚರೆಗಳು ತೆಳು ಗೋಡೆ ದಾಟಿ ಆಚೆ ಇರುವವರಿಗೆ ತಗುಲಬಹುದು.

ಹರಡುವಿಕೆಯನ್ನು ನಿಯಂತ್ರಿಸುವುದು ನಳಿಕೆಯ ತುದಿಯಲ್ಲಿರುವ ‘ಚೋಕ್’ ಎಂಬ ಕಿರಿದಾದ ಭಾಗ. ತೋಟದಲ್ಲಿ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಒತ್ತುವುದನ್ನು ನೆನೆಸಿಕೊಳ್ಳಿ. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಅಳೆದರೆ, ‘ಫುಲ್’ ಚೋಕ್‌ನಲ್ಲಿ ಸುಮಾರು 70% ಚರೆ ಅದರೊಳಗೆ ಬೀಳಬೇಕು, ‘ಮಾಡಿಫೈಡ್’ನಲ್ಲಿ ಸುಮಾರು 60%, ‘ಇಂಪ್ರೂವ್ಡ್ ಸಿಲಿಂಡರ್’ನಲ್ಲಿ ಸುಮಾರು 50%. ಇದು ಲೆಕ್ಕಕ್ಕೆ ಇಟ್ಟುಕೊಂಡ ಅಂದಾಜು. ಬಂದೂಕು, ತೋಟಾ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಹಾಗಾಗಿ ದೊಡ್ಡ ಕಾಗದಕ್ಕೆ ಹೊಡೆದು ಪರೀಕ್ಷಿಸುವುದು ರೂಢಿ.

‘ಒಂದೇ ಬಂದೂಕು, ಎಲ್ಲ ಕೆಲಸಕ್ಕೂ’ ಎಂಬ ಮಾತಿನಲ್ಲಿರುವ ನಿಜಾಂಶವೂ ಇಲ್ಲೇ ಇದೆ. ತಿರುಗಿಸಿ ಬದಲಿಸಬಹುದಾದ ಚೋಕ್‌ಗಳು ಜೊತೆಗೆ ಬಂದರೆ ಒಂದೇ ಬಂದೂಕನ್ನು ಮಣ್ಣಿನ ತಟ್ಟೆಯ ಆಟಕ್ಕೂ ಹಕ್ಕಿ ಬೇಟೆಗೂ ಹೊಂದಿಸಬಹುದು. 12 ಗೇಜ್, 3 ಇಂಚಿನ ಚೇಂಬರ್, 26 ಅಥವಾ 28 ಇಂಚಿನ ನಳಿಕೆ, ಮೂರರಿಂದ ಐದು ಚೋಕ್: ‘ಆಲ್‌ರೌಂಡರ್’ ಎಂದು ಕರೆಯುವುದು ಸಾಮಾನ್ಯವಾಗಿ ಇದನ್ನೇ. ನೆಲದ ಮೇಲೆ ನಿಂತಿರುವ ಪ್ರಾಣಿಯ ಬೇಟೆಗೂ ಮನೆಯ ರಕ್ಷಣೆಗೂ ಇಷ್ಟುದ್ದದ ನಳಿಕೆ ತೊಡಕೇ. ಅಂದರೆ ‘ಎಲ್ಲ ಕೆಲಸ’ ಅಲ್ಲ, ‘ಬಹುಪಾಲು ಕೆಲಸ’.

ಹೇಳಿಕೆ 3: ‘ಹೊಡೆದವನೇ ಹಿಂದಕ್ಕೆ ಹಾರಿಬೀಳುತ್ತಾನೆ’

ಸಿನಿಮಾ. ಹೈಸ್ಕೂಲಿನ ಭೌತವಿಜ್ಞಾನದ ಲೆಕ್ಕ ಸಾಕು. ಸಾಮಾನ್ಯ 12 ಗೇಜ್ ತೋಟಾದ ಚರೆಗಳ ತೂಕ ಸುಮಾರು 32 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 365 ಮೀಟರ್. ಅದರ ಜೊತೆ ಹಾರುವ ಬೆಂಡು, ಅನಿಲ ಎಲ್ಲ ಸೇರಿಸಿದರೂ 70 ಕಿಲೋ ತೂಕದ ಮನುಷ್ಯನಿಗೆ ಸಿಗುವ ಹಿಮ್ಮುಖ ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ಆಸುಪಾಸು. ಒಂದು ಹೆಜ್ಜೆ ತಡವರಿಸಬಹುದು, ಹಾರುವ ಮಾತಿಲ್ಲ. ಆದರೆ ಬಂದೂಕನ್ನು ಭುಜಕ್ಕೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಅದೊಂದೇ ಸೆಕೆಂಡಿಗೆ 4 ಮೀಟರಿಗಿಂತ ಹೆಚ್ಚು ವೇಗದಲ್ಲಿ ಹಿಂದಕ್ಕೆ ಬಂದು ಭುಜಕ್ಕೋ ದವಡೆಗೋ ಬಡಿಯುತ್ತದೆ. ನೋವಾಗುವುದು ಅದರಿಂದ.

ಹಾಗಾಗಿ ಬೆಲೆಗಿಂತ ಮೊದಲು ನೋಡಬೇಕಾದ್ದು ಅಳತೆ. ಚಪ್ಪಲಿಯ ಹಾಗೆ ಬಂದೂಕೂ ಮೈಗೆ ಹೊಂದಬೇಕು. ಟ್ರಿಗರ್‌ನಿಂದ ಹಿಂಬದಿಯವರೆಗಿನ ಉದ್ದ ಬಹುತೇಕ ಬಂದೂಕುಗಳಲ್ಲಿ 14 ಇಂಚಿನ ಆಸುಪಾಸು ಇರುತ್ತದೆ. ಕುಳ್ಳಗಿರುವವರಿಗೆ, ಸಣ್ಣ ಮೈಕಟ್ಟಿನವರಿಗೆ ಅದು ಉದ್ದವಾಗುತ್ತದೆ. ಉದ್ದ, ಓರೆ ಹೊಂದಿಸಲು ತೆಳು ಬಿಲ್ಲೆಗಳು ಜೊತೆಗೆ ಬರುತ್ತವೆಯೇ, ಎಡಗೈಯವರಾದರೆ ಖಾಲಿ ತೋಟಾ ಮುಖದ ಮುಂದೆ ಹಾರುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ.

ಹೇಳಿಕೆ 4: ‘ಅಗ್ಗದ್ದು ಅಂದರೆ ಕಳಪೆ’

ಅರ್ಧ ಸತ್ಯ. ಅಮೆರಿಕದ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಯ ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್‌ಗಳಲ್ಲಿ ಬಹುಪಾಲು ಟರ್ಕಿಯವು. ಅಲ್ಲಿನ ಕೊನ್ಯಾ ಪ್ರಾಂತ್ಯದ ಹುಗ್ಲು ಎಂಬ ಊರು ಬಂದೂಕು ತಯಾರಿಕೆಗೇ ಹೆಸರುವಾಸಿ. ಸ್ಟೋಗರ್ ಎಂ3000 ಟರ್ಕಿಯಲ್ಲಿ ತಯಾರಾಗುವ ಇನರ್ಷಿಯಾ ಬಂದೂಕು, ಆ ಕಂಪನಿ ಇಟಲಿಯ ಬೆರೆಟ್ಟಾ ಸಮೂಹಕ್ಕೆ ಸೇರಿದ್ದು. ಇಂಥವು ಸುಮಾರು 500ರಿಂದ 700 ಡಾಲರ್‌ಗೆ ಸಿಗುತ್ತವೆ. ಒಂದು ಮೆಟ್ಟಿಲು ಮೇಲೆ, ಅಮೆರಿಕದ ಟೆನೆಸಿಯಲ್ಲಿ ತಯಾರಾಗುವ ಬೆರೆಟ್ಟಾ ಎ300 ಅಲ್ಟಿಮಾ ಗ್ಯಾಸ್ ಪದ್ಧತಿಯದು. ಇದರ ಬೆಲೆ ಸಾವಿರ ಡಾಲರ್ ಆಸುಪಾಸು. ಇಟಲಿಯ ಬೆನೆಲ್ಲಿಯಂಥವು ಅದಕ್ಕೂ ದುಬಾರಿ.

ಅಗ್ಗದ ಬಂದೂಕಿನಲ್ಲೂ ನಳಿಕೆ, ಬೀಗದಂಥ ಮುಖ್ಯ ಭಾಗಗಳು ಗಟ್ಟಿಯಾಗಿಯೇ ಇರಬಹುದು. ವ್ಯತ್ಯಾಸ ಹೆಚ್ಚಾಗಿ ಕಾಣುವುದು ನಯಗಾರಿಕೆಯಲ್ಲಿ, ಹಗುರ ತೋಟಾ ಹಾಕಿದಾಗ ನಡೆಯುವ ನಂಬಿಕೆಯಲ್ಲಿ, ಬಿಡಿಭಾಗ ಸಿಗುವುದರಲ್ಲಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ‘ಐದು ವರ್ಷದ ನಂತರ ಇದರ ಸ್ಪ್ರಿಂಗ್, ಚೋಕ್ ಇಲ್ಲಿ ಸಿಗುತ್ತದೆಯೇ?’ ಹೆಸರೇ ಕೇಳದ ಆಮದುದಾರನ ಬಂದೂಕಿಗಿಂತ, ಪರಿಚಿತ ಕಂಪನಿಯ ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್‌ಹ್ಯಾಂಡ್ ಎಷ್ಟೋ ಸಲ ಉತ್ತಮ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕೆರೆ ತಳದ ಸೀಸದ ಚರೆಗಳನ್ನು ಕಲ್ಲುಹರಳೆಂದು ನುಂಗಿ ಬಾತುಕೋಳಿಗಳು, ಅವನ್ನು ತಿಂದು ಹದ್ದುಗಳು ವಿಷವೇರಿ ಸಾಯುತ್ತಿದ್ದವು. ಅದಕ್ಕಾಗಿ 1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿ ಬೇಟೆಗೆ ಸೀಸ ನಿಷಿದ್ಧ, ಉಕ್ಕಿನಂಥ ವಿಷವಲ್ಲದ ಚರೆಯೇ ಬೇಕು. ತೀರಾ ಹಳೆಯ ನಳಿಕೆಗಳು ಗಟ್ಟಿ ಉಕ್ಕಿಗೆ ಹಾಳಾಗಬಹುದು. ತಯಾರಕರ ಕೈಪಿಡಿ ನೋಡದೆ ಹಾಕಬಾರದು.

ಬಜೆಟ್ ಹಾಕುವಾಗ ಬಂದೂಕಿನ ಬೆಲೆ ಮಾತ್ರ ಬರೆಯಬೇಡಿ. ತೋಟಾ, ತರಬೇತಿ, ಬೀಗದ ಪೆಟ್ಟಿಗೆ, ಕಣ್ಣಿನ ಕನ್ನಡಕ, ಕಿವಿರಕ್ಷಕ ಸೇರಿಸಿ. ಶಾಟ್‌ಗನ್ ಸದ್ದು 140 ಡೆಸಿಬಲ್ ದಾಟುತ್ತದೆ. ಒಂದೇ ಈಡು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಮಕ್ಕಳಿರುವ ಮನೆಯಲ್ಲಿ ಬೀಗದ ಪೆಟ್ಟಿಗೆ ಇಲ್ಲದೆ ಬಂದೂಕು ತರುವುದೇ ತಪ್ಪು.

ಹೇಳಿಕೆ 5: ‘ತೋಟಾ ಯಾವುದಾದರೇನು, ಒಳಗೆ ಹೋದರೆ ಆಯ್ತು’

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಗೇಜ್ ಎನ್ನುವುದು ಹಳೆಯ ಅಳತೆ. ನಳಿಕೆಯ ಬಾಯಿಗೆ ಸರಿಹೊಂದುವ ಸೀಸದ ಗೋಲಿಗಳು ಒಂದು ಪೌಂಡಿಗೆ 12 ಬಂದರೆ 12 ಗೇಜ್, 20 ಬಂದರೆ 20 ಗೇಜ್. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಕಿರಿದು: 12 ಗೇಜ್ ಸುಮಾರು 18.5 ಮಿಲಿಮೀಟರ್, 20 ಗೇಜ್ ಸುಮಾರು 15.6 ಮಿಲಿಮೀಟರ್.

ಈಗ 12 ಗೇಜ್ ಬಂದೂಕಿಗೆ ಅಪ್ಪಿತಪ್ಪಿ 20 ಗೇಜ್ ತೋಟಾ ಹಾಕಿದಿರಿ ಎನ್ನಿ. ಅದು ಜಾರಿ ನಳಿಕೆಯೊಳಗೆ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. ‘ಹಾಕೋದು ಮರೆತೆ’ ಎಂದು ಸರಿಯಾದ 12 ಗೇಜ್ ತೋಟಾ ಹಾಕಿ ಹೊಡೆದರೆ ನಳಿಕೆ ನಿಮ್ಮ ಎಡಗೈಯ ಬಳಿಯೇ ಸಿಡಿಯುತ್ತದೆ. ಈ ಕಾರಣಕ್ಕೇ 20 ಗೇಜ್ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂತು. ಎರಡೂ ಗೇಜ್ ತೋಟಾಗಳನ್ನು ಒಂದೇ ಜೇಬಿನಲ್ಲಿ ಇಡಬೇಡಿ.

ಉದ್ದದ ವಿಷಯದಲ್ಲೂ ಮೋಸವಿದೆ. ತೋಟಾದ ಉದ್ದ ಅಳೆಯುವುದು ಹಾರಿಸಿದ ಮೇಲೆ, ಬಾಯಿ ಬಿಚ್ಚಿಕೊಂಡಾಗ. ಹಾಗಾಗಿ 3 ಇಂಚಿನ ತೋಟಾ 2¾ ಇಂಚಿನ ಚೇಂಬರಿನೊಳಗೆ ಹೋಗಿಬಿಡಬಹುದು. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಳಿಕೆಯ ಮೇಲೆ ಕೆತ್ತಿದ ಅಂಕಿಯೇ ಅಂತಿಮ, ‘ಒಳಗೆ ಹೋಯ್ತಲ್ಲ’ ಎಂಬುದಲ್ಲ.

ಹೇಳಿಕೆ 6: ‘ಅಮೆರಿಕದಲ್ಲಿ ಯಾರು ಬೇಕಾದರೂ ಕೊಳ್ಳಬಹುದು’

ಸುಳ್ಳು. ಪರವಾನಗಿ ಇರುವ ಅಂಗಡಿಯಲ್ಲಿ ಶಾಟ್‌ಗನ್ ಕೊಳ್ಳಲು ಫೆಡರಲ್ ಕಾನೂನಿನಂತೆ ಕನಿಷ್ಠ 18 ವರ್ಷವಾಗಿರಬೇಕು, 4473 ಎಂಬ ಅರ್ಜಿ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ರಾಜ್ಯಗಳು ಇನ್ನೂ ಬಿಗಿ ನಿಯಮ ಮಾಡಿರುತ್ತವೆ.

ನಮ್ಮವರಿಗೆ ಮುಖ್ಯವಾದ್ದು ಇದು. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಅದಕ್ಕೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸದು. ‘ಸ್ನೇಹಿತನ ಹೆಸರಲ್ಲಿ ತಗೊಳ್ಳೋಣ’ ಎಂಬ ಉಪಾಯ ಇಬ್ಬರನ್ನೂ ಫೆಡರಲ್ ಅಪರಾಧಕ್ಕೆ ಸಿಲುಕಿಸುತ್ತದೆ. ಕೊಳ್ಳುವ ಮುನ್ನ ವಕೀಲರನ್ನು ಕೇಳುವ ಖರ್ಚು, ವೀಸಾ ಕಳೆದುಕೊಳ್ಳುವ ಖರ್ಚಿಗಿಂತ ಕಡಿಮೆ.

ಇನ್ನೊಂದು. ರೇಂಜಿಗೆ ಹೋದ ಜಾಕೆಟ್, ಬ್ಯಾಗನ್ನೇ ಊರಿಗೆ ಬರುವಾಗ ತರುವವರು ಜೇಬುಗಳನ್ನೆಲ್ಲ ಕೊಡವಿ ನೋಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು.

ಹಾಗೆಯೇ, ಅಮೆರಿಕದ ವಿಡಿಯೊ ನೋಡಿ ‘ತೋಟಕ್ಕೆ ಬರುವ ಹಂದಿಗೆ ಇದೇ ಸರಿ’ ಎಂದುಕೊಳ್ಳಬೇಡಿ. ಇಲ್ಲಿ ಬಂದೂಕಿಗೆ ಪರವಾನಗಿ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ವಿಶೇಷವಾದದ್ದು, ಅದು ಎಲ್ಲರಿಗೂ ಅಲ್ಲ. ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯೂ ಇದೆ.

ಹಾಗಾದರೆ ಸಾರಾಂಶ?

‘ಒಂದೇ ಬಂದೂಕು ಎಲ್ಲಕ್ಕೂ’ ಎಂಬುದು ಭಾಗಶಃ ನಿಜ. ಮೈಗೆ ಹೊಂದುವ, ಚೋಕ್ ಬದಲಿಸಬಹುದಾದ, ಬಿಡಿಭಾಗ ಸಿಗುವ ಸಾಧಾರಣ ಬೆಲೆಯ ಬಂದೂಕು ಬಹುಪಾಲು ಕೆಲಸಕ್ಕೆ ಸಾಕು. ‘ಗುರಿ ಬೇಡ, ಅಭ್ಯಾಸ ಬೇಡ, ಯಾರು ಬೇಕಾದರೂ ಕೊಳ್ಳಬಹುದು’ ಎಂಬ ಮೂರೂ ಸುಳ್ಳು.

ಮುಂದಿನ ಸಲ ಆ ವಿಡಿಯೊ ಬಂದಾಗ ಅದನ್ನು ಕಳಿಸುವ ಬದಲು ಅಲ್ಲಿರುವ ನಿಮ್ಮವರಿಗೆ ಎರಡೇ ಸಾಲು ಕಳಿಸಿ: ‘ವೀಸಾ ನಿಯಮ ನೋಡಿಕೊಂಡೆಯಾ? ನಳಿಕೆಯ ಮೇಲಿನ ಅಂಕಿಯೂ ತೋಟಾದ ಮೇಲಿನ ಅಂಕಿಯೂ ಒಂದೇನಾ?’