ನಿಂತ ವ್ಯಾಗನ್ನಿಗೂ ಕಾವಲು: ವಿಜಯಪುರದ ಬಯಲು ಹಳಿಯ ಚರಿತ್ರೆ

ಹೊಟಗಿಯಿಂದ ಗದಗಕ್ಕೆ ಹೋಗುವ ಹಳಿ ಯಾವ ಘಟ್ಟವನ್ನೂ ಹತ್ತುವುದಿಲ್ಲ. ಇಂಡಿ ರೋಡ್, ನಿಂಬಾಳ, ಮಿಂಚನಾಳ ದಾಟಿ ವಿಜಯಪುರ ಸೇರುತ್ತದೆ. ಅಲ್ಲಿಂದ ಎರೆಹೊಲಗಳ ನಡುವೆ ಸಾಗಿ, ಬಸವನ ಬಾಗೇವಾಡಿ ರೋಡ್ ಮುಟ್ಟಿ, ಆಲಮಟ್ಟಿಯಲ್ಲಿ ಕೃಷ್ಣೆಯ ದಂಡೆಗೆ ಇಳಿಯುತ್ತದೆ. ಈ ಬಯಲನ್ನು ಕಂಡವರು ಇಲ್ಲಿ ವ್ಯಾಗನ್ ತಾನಾಗಿ ಉರುಳಿಹೋಗುವ ಮಾತೇ ಇಲ್ಲ ಎಂದುಕೊಂಡರೆ ಅಚ್ಚರಿಯಿಲ್ಲ. ತಪ್ಪಿಸಿಕೊಂಡ ಗಾಡಿಯನ್ನು ಹಿಡಿಯುವ ವ್ಯವಸ್ಥೆ ಎಂದರೆ ನಮ್ಮ ರಾಜ್ಯದಲ್ಲಿ ನೆನಪಾಗುವುದು 37 ಅಡಿಗೆ 1 ಅಡಿ ಇಳಿಯುವ ಕ್ಯಾಸಲ್‌ರಾಕ್ ಘಟ್ಟ, ಇಲ್ಲವೇ 50ಕ್ಕೆ 1ರ ಸಕಲೇಶಪುರ ಘಟ್ಟ. ಅಲ್ಲಿನ ಕ್ಯಾಚ್ ಸೈಡಿಂಗ್‌ಗಳು ಕಣ್ಣಿಗೆ ಕಾಣುವ ಅಪಾಯಕ್ಕೆ ಕಣ್ಣಿಗೆ ಕಾಣುವ ಉತ್ತರ. ಆದರೆ ಮುಖ್ಯ ಹಳಿಯನ್ನು ಪಕ್ಕದ ಹಳಿಯಿಂದ ಕಾಯುವ ಸಾಧನಗಳ ಚರಿತ್ರೆಯನ್ನು ಘಟ್ಟಕ್ಕಷ್ಟೇ ಕಟ್ಟಿಹಾಕಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಘಟ್ಟದ ಇಳಿಜಾರು ಈ ಸಾಧನಗಳಿಗೆ ಒಂದು ಕಾರಣ ಮಾತ್ರ. ಓಡುವ ಗಾಡಿಯ ವೇಗ ಮತ್ತು ಹಗುರಾಗಿ ಉರುಳುವ ಗಾಲಿ, ಇವೆರಡೂ ಅದರಷ್ಟೇ ದೊಡ್ಡ ಕಾರಣಗಳು. ಹಾಗಾಗಿ ಇಂಡಿ, ಬಾಗೇವಾಡಿಯ ಬಯಲಿಗೂ ಇವು ಘಟ್ಟಕ್ಕೆ ಬೇಕಾದಷ್ಟೇ ಬೇಕು ಎಂಬುದು ನನ್ನ ವಾದ.

ಈ ಹಳಿ ಹುಟ್ಟಿದ್ದೇ ಕಾಳಿಗಾಗಿ. 1876–78ರ ಬರಗಾಲ ಮುಂಬಯಿ ಪ್ರಾಂತದ ಈ ಮೂಲೆಯನ್ನು ಹಿಂಡಿಹಾಕಿತು. ಬೇರೆಡೆ ಧಾನ್ಯ ಇದ್ದರೂ ಅದನ್ನು ಇಲ್ಲಿಗೆ ತರುವ ದಾರಿ ಇರಲಿಲ್ಲ. ಆ ಪಾಠದಿಂದ ಹಾಕಿದ ಹಳಿಗಳಲ್ಲಿ ಇದೂ ಒಂದು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಯಲ್ಲಿ, 1884ರಲ್ಲಿ, ಹೊಟಗಿ–ಗದಗ ಮೀಟರ್‌ಗೇಜ್ ಹಳಿಯ ಮೇಲೆ ಗಾಡಿ ಓಡತೊಡಗಿತು. ಬರ ನಿವಾರಣೆಯ ಹಳಿಯಲ್ಲಿ ಓಡುವ ಗಾಡಿಗೆ ಎಷ್ಟು ಮಹತ್ವವೋ ನಿಲ್ಲುವ ವ್ಯಾಗನ್ನಿಗೂ ಅಷ್ಟೇ. ಕಾಳು ತಂದ ವ್ಯಾಗನ್ ಸ್ಟೇಶನ್ನಿನ ಪಕ್ಕದ ಹಳಿಯಲ್ಲಿ ನಿಲ್ಲಬೇಕು, ಎತ್ತಿನ ಗಾಡಿಗಳು ಬಂದು ಚೀಲ ಇಳಿಸಿಕೊಳ್ಳಬೇಕು. ಸುಗ್ಗಿಯಲ್ಲಿ ಜೋಳ, ಹತ್ತಿ ತುಂಬಿಸಿಕೊಳ್ಳಲು ಖಾಲಿ ವ್ಯಾಗನ್ ಕಾಯಬೇಕು. ಇಂಡಿಯ ಊರು ಸ್ಟೇಶನ್ನಿನಿಂದ ದೂರ, ಬಾಗೇವಾಡಿಯದೂ ದೂರ. ಹೆಸರಿನ ಮುಂದಿನ 'ರೋಡ್' ಅದನ್ನೇ ಹೇಳುತ್ತದೆ. ಊರು ದೂರವಿದ್ದಷ್ಟೂ ಸರಕು ಬರುವುದು ತಡ, ವ್ಯಾಗನ್ ನಿಲ್ಲುವುದು ಹೆಚ್ಚು.

ನಿಂತ ವ್ಯಾಗನ್ನಿಗೆ ಆ ಕಾಲದ ಕಾವಲು ಸರಳ: ಹ್ಯಾಂಡ್ ಬ್ರೇಕ್ ಬಿಗಿದು, ಗಾಲಿಯ ಕೆಳಗೆ ಅಡ್ಡಗಟ್ಟಿ ಕೊಟ್ಟು, ಸರಪಳಿಯಿಂದ ಹಳಿಗೆ ಕಟ್ಟಿ ಬೀಗ ಹಾಕುವುದು. ಬೀಗದ ಕೈ ಸ್ಟೇಶನ್ ಮಾಸ್ತರರ ಬಳಿ. ಇದಕ್ಕಿಂತ ಬೇರೆ ಏನಾದರೂ ಬೇಕು ಎಂದು ರೈಲ್ವೆ ಜಗತ್ತು ಕಲಿತದ್ದು ಭಾರೀ ಬೆಲೆ ಕೊಟ್ಟು. 1868ರ ಆಗಸ್ಟ್ 20ರಂದು ವೇಲ್ಸ್‌ನ ಅಬರ್ಗೆಲಿ ಬಳಿ, ಶಂಟಿಂಗ್ ಮಾಡುವಾಗ ಬಿಟ್ಟುಹೋದ ಕೆಲವು ವ್ಯಾಗನ್‌ಗಳು ಇಳಿಜಾರಿನಲ್ಲಿ ಉರುಳಿ ಎದುರಿನಿಂದ ಬರುತ್ತಿದ್ದ ಮೇಲ್ ಗಾಡಿಗೆ ಬಡಿದವು. ಅವುಗಳಲ್ಲಿ ಪ್ಯಾರಾಫಿನ್ ಎಣ್ಣೆಯ ಪೀಪಾಯಿಗಳಿದ್ದವು; 33 ಜನ ಬೆಂದುಹೋದರು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾದಲ್ಲಿ, ಏರು ಹತ್ತಲಾರದ ಗಾಡಿಯನ್ನು ಎರಡು ತುಂಡು ಮಾಡಿ, ಹಿಂದಿನ ಬೋಗಿಗಳ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು. ಮುಂದಿನ ತುಂಡು ತುಸು ಹಿಂದಕ್ಕೆ ಸರಿದು ತಾಗಿದ್ದೇ ತಡ, ಕಲ್ಲುಗಳು ಪುಡಿಯಾಗಿ ಬೋಗಿಗಳು ಹಿಂದಕ್ಕೆ ಓಡಿದವು. ಸುಮಾರು 80 ಜನ, ಅದರಲ್ಲಿ ಬಹಳಷ್ಟು ಮಕ್ಕಳು, ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ಗಾಡಿಗೆ ತಾನಾಗಿ ಹಿಡಿಯುವ ಬ್ರೇಕನ್ನು ಕಡ್ಡಾಯ ಮಾಡಿತು. ಎರಡೂ ಕಡೆ ಸೋತದ್ದು ಒಂದೇ ನಂಬಿಕೆ: ಮನುಷ್ಯನ ಕೈ ಕಟ್ಟಿದ ಕಟ್ಟು ಸಡಿಲವಾಗುವುದಿಲ್ಲ ಎಂಬುದು.

ಟ್ರ್ಯಾಪ್ ಪಾಯಿಂಟ್ ನಿಂತಿರುವುದು ಇದಕ್ಕೆ ವಿರುದ್ಧವಾದ ನಂಬಿಕೆಯ ಮೇಲೆ. ಕಟ್ಟು ಒಂದಲ್ಲ ಒಂದು ದಿನ ಸಡಿಲವಾಗುತ್ತದೆ ಎಂದುಕೊಂಡೇ ಅದನ್ನು ಮಾಡಿದ್ದಾರೆ. ಸೈಡಿಂಗ್ ಮುಖ್ಯ ಹಳಿಗೆ ಸೇರುವ ಜಾಗಕ್ಕೆ ಸ್ವಲ್ಪ ಮೊದಲು ಚೂಪಾಗಿ ಸವೆಸಿದ ಒಂದು ಟಂಗ್ ರೈಲ್ ಇರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಅದು ಪಕ್ಕದ ಹಳಿಗೆ ಅಂಟಿಕೊಂಡಿರುವುದಿಲ್ಲ; ನಡುವೆ ನಾಲ್ಕೈದು ಬೆರಳಿನಷ್ಟು ಸಂದು ಬಿಟ್ಟುಕೊಂಡು ತೆರೆದೇ ಇರುತ್ತದೆ. ಒಳಗಿನಿಂದ ತಪ್ಪಿಸಿಕೊಂಡು ಬಂದ ಗಾಲಿಯ ಅಂಚು ಆ ಸಂದಿಗೆ ಬಿದ್ದರೆ ಮುಂದೆ ಅದಕ್ಕೆ ಹಳಿ ಇಲ್ಲ. ಗಾಲಿ ಜಲ್ಲಿಗೆ ಇಳಿದು ಹೂತು ನಿಲ್ಲುತ್ತದೆ. ವ್ಯಾಗನ್ ಹೊರಗೆ ಬರಬೇಕಾದಾಗ ಮಾತ್ರ ಟಂಗ್ ರೈಲನ್ನು ಒತ್ತಿ ಹಳಿಗೆ ಕೂಡಿಸುತ್ತಾರೆ. ಇದರ ನಿಜವಾದ ಬಲ ಇರುವುದು ಸಿಗ್ನಲ್ಲಿನ ಜೊತೆಗಿನ ಇಂಟರ್‌ಲಾಕಿಂಗ್‌ನಲ್ಲಿ: ಟ್ರ್ಯಾಪ್ ತೆರೆದಿರದಿದ್ದರೆ ಮುಖ್ಯ ಹಳಿಯ ಗಾಡಿಗೆ ಸಿಗ್ನಲ್ ಕೊಡಲು ಬರುವುದಿಲ್ಲ. ಅಡ್ಡಗಟ್ಟಿ ಇಡಲು ಮರೆಯಬಹುದು, ಸರಪಳಿಯ ಬೀಗ ಹಾಕದೇ ಬಿಡಬಹುದು. ಟ್ರ್ಯಾಪನ್ನು ಮರೆತರೆ ಮುಖ್ಯ ಹಳಿಯ ಗಾಡಿಯೇ ನಿಂತುಬಿಡುತ್ತದೆ. ಎಲ್ಲಾ ಕಡೆ ಈ ಟ್ರ್ಯಾಪೇ ಇರಬೇಕೆಂದಿಲ್ಲ. ತಪ್ಪಿಸಿಕೊಂಡ ಗಾಡಿಯನ್ನು ಮರಳು ದಿಬ್ಬಕ್ಕೋ ಮುಂದೆ ದಾರಿಯಿಲ್ಲದ ತುಂಡು ಹಳಿಗೋ ತಿರುಗಿಸುವ ಬಗೆಗಳೂ ಇವೆ. ಕೆಲಸ ಮಾತ್ರ ಒಂದೇ.

ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷಿ ಇದೆ. ಒಂದು ಗಾಡಿ ಸ್ಟೇಶನ್ನಿನಲ್ಲಿ ನಿಲ್ಲದೆ ಗಂಟೆಗೆ 50 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ದಾಟಬೇಕಾದರೆ, ಅದು ಓಡುವ ಹಳಿಯನ್ನು ಉಳಿದೆಲ್ಲ ಹಳಿಗಳಿಂದ ಪ್ರತ್ಯೇಕಿಸಿರಬೇಕು, ಗಾಡಿ ದಾಟುವ ತನಕ ಇಂಟರ್‌ಲಾಕಿಂಗ್ ಆ ಪ್ರತ್ಯೇಕತೆಯನ್ನು ಕಾಯಬೇಕು ಎನ್ನುತ್ತವೆ ಆ ನಿಯಮಗಳು. ಆ ಮಾತಿನಲ್ಲಿ ಘಟ್ಟದ ಹೆಸರಿಲ್ಲ, ಇಳಿಜಾರಿನ ಲೆಕ್ಕವಿಲ್ಲ; ಇರುವುದು ವೇಗವೊಂದೇ. ಸ್ಟೇಶನ್ ಸ್ಟೇಶನ್ನಿಗೆ ನಿಂತು ಹೋಗುವ ಮೀಟರ್‌ಗೇಜ್ ಗಾಡಿಯ ಕಾಲದಲ್ಲಿ ಸರಪಳಿ, ಬೀಗ ಸಾಕಾಗಿದ್ದವು. ಈ ಶತಮಾನದ ಮೊದಲ ದಶಕದಲ್ಲಿ ಇದೇ ದಾರಿ ಬ್ರಾಡ್‌ಗೇಜ್ ಆಯಿತು, ಆಮೇಲೆ ಜೋಡಿಹಳಿಯ ಕೆಲಸ ಬಂತು, ಎಕ್ಸ್‌ಪ್ರೆಸ್ ಗಾಡಿಗಳು ಸಣ್ಣ ಸ್ಟೇಶನ್‌ಗಳನ್ನು ನಿಲ್ಲದೆ ದಾಟತೊಡಗಿದವು. ಅವು ವೇಗವಾಗಿ ಓಡಲು ಗಟ್ಟಿ ಹಳಿ, ಬಲವಾದ ಎಂಜಿನ್ ಎಷ್ಟು ಕಾರಣವೋ, ಪಕ್ಕದ ಹಳಿಯ ತುದಿಯಲ್ಲಿ ತೆರೆದುಕೊಂಡಿರುವ ಆ ಸಂದೂ ಅಷ್ಟೇ ಕಾರಣ. ಈ ಸಾಧನವನ್ನು ಬರೀ ಮುನ್ನೆಚ್ಚರಿಕೆಯ ಖರ್ಚು ಎಂದು ಬರೆದಿಡುವವರು ಈ ಸಂಬಂಧವನ್ನು ನೋಡುವುದಿಲ್ಲ.

ಎರಡನೆಯ ಕಾರಣ ಗಾಲಿಯಲ್ಲೇ ಇದೆ. ಹಳೆಯ ವ್ಯಾಗನ್ನಿನ ಅಚ್ಚು ಎಣ್ಣೆ ಹಾಕಿದ ಪೆಟ್ಟಿಗೆಯೊಳಗೆ ಲೋಹಕ್ಕೆ ಲೋಹ ಉಜ್ಜಿಕೊಂಡು ತಿರುಗುತ್ತಿತ್ತು. ನಿಂತ ವ್ಯಾಗನ್ನನ್ನು ಕದಲಿಸಲು ಬಹಳ ಬಲ ಬೇಕಾಗಿತ್ತು. ಆ ಜಡತನವೇ ಅರ್ಧ ಕಾವಲು. ರೋಲರ್ ಬೇರಿಂಗ್ ಬಂದ ಮೇಲೆ ಆ ಕಾವಲು ಹೋಯಿತು. ಸ್ಟೇಶನ್ ಯಾರ್ಡಿನ ಇಳಿಜಾರು 400ಕ್ಕೆ 1ರಷ್ಟಕ್ಕಿಂತ ಕಡಿದಾಗಿರಬಾರದು, ಸಾಧ್ಯವಾದಷ್ಟೂ 1200ಕ್ಕೆ 1 ಇರಬೇಕು ಎಂಬುದು ರೈಲ್ವೆಯ ಅಳತೆ. 400ಕ್ಕೆ 1 ಎಂಬುದು ಕಣ್ಣಿಗೆ ಸಪಾಟಾಗಿಯೇ ಕಾಣುತ್ತದೆ. ಆದರೆ ತುಂಬಿದ ಒಂದು ಬಾಕ್ಸ್‌ಎನ್ ವ್ಯಾಗನ್ನಿನ ಒಟ್ಟು ತೂಕ ಸುಮಾರು 81 ಟನ್. ಆ ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ ಎರಡು ಕ್ವಿಂಟಾಲ್. ಒಮ್ಮೆ ಉರುಳತೊಡಗಿದ ರೋಲರ್ ಬೇರಿಂಗ್ ಗಾಲಿಯನ್ನು ಹಿಡಿದು ನಿಲ್ಲಿಸಲು ಅದರೊಳಗಿನ ಘರ್ಷಣೆ ಸಾಲದು. 1200ಕ್ಕೆ 1ರಲ್ಲಿ ಅದೇ ಎಳೆತ 70 ಕಿಲೋಗಿಂತ ಕಡಿಮೆ. ಇನ್ನು ಬಯಲೂ ಪೂರಾ ಬಯಲಲ್ಲ: ವಿಜಯಪುರ ನಗರ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಆಲಮಟ್ಟಿ ಜಲಾಶಯ ತುಂಬಿದಾಗಿನ ನೀರಿನ ಮಟ್ಟ 519.6 ಮೀಟರ್. ಎರೆನೆಲವಂತೂ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ನೆಲ. ನಕ್ಷೆಯಲ್ಲಿ ಸಪಾಟಾಗಿದ್ದ ಹಳಿ ನೆಲದ ಮೇಲೆ ಹಾಗೆಯೇ ಉಳಿಯಬೇಕಾದರೆ ಅದನ್ನು ಮತ್ತೆ ಮತ್ತೆ ಅಳೆದು, ಎತ್ತಿ, ಜಲ್ಲಿ ಬಡಿಯುತ್ತಿರಬೇಕು. ಇದೇ ನೆಲದ ಮೇಲೆ, ಹಿಂದಿನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ, 2400 ಮೆಗಾವ್ಯಾಟ್‌ನ ಎನ್‌ಟಿಪಿಸಿ ಸ್ಥಾವರ ನಿಂತಿದೆ. ಅಂಥ ಸ್ಥಾವರಕ್ಕೆ ಕಲ್ಲಿದ್ದಲು ಒಯ್ಯುವ ಪೂರ್ಣ ರೇಕ್ ಎಂದರೆ 58 ವ್ಯಾಗನ್, ಒಟ್ಟು 4,700 ಟನ್ ತೂಕ. 1884ರ ಕಾಳಿನ ವ್ಯಾಗನ್ನಿನ ಅಪಾಯಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಬಯಲಿನಲ್ಲಿ ಗಾಡಿ ತಾನಾಗಿ ಓಡಿದ ಉದಾಹರಣೆ ಎಲ್ಲಿದೆ ಎಂದು ಕೇಳಬಹುದು. ದೂರ ಹೋಗಬೇಕಿಲ್ಲ. ವಿಜಯಪುರ ಜಿಲ್ಲೆಯ ಸಿಂದಗಿಯ ಆಚೆ, ನೆರೆಯ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ, 2017ರ ನವೆಂಬರ್ 8ರಂದು ಗಾಡಿಯಿಂದ ಬಿಡಿಸಿದ ಎಂಜಿನ್ ಒಂದು ಚಾಲಕನಿಲ್ಲದೆ ಸುಮಾರು 13 ಕಿಲೋಮೀಟರ್ ಓಡಿತು. ರೈಲ್ವೆ ನೌಕರರೊಬ್ಬರು ಮೋಟಾರ್‌ಸೈಕಲ್ ಮೇಲೆ ಬೆನ್ನಟ್ಟಿ, ಹತ್ತಿ, ನಿಲ್ಲಿಸಿದರು. ವಾಡಿ ಘಟ್ಟದ ಊರಲ್ಲ. 2023ರ ಜೂನ್ 7ರಂದು ಒಡಿಶಾದ ಜಾಜ್‌ಪುರ ಕೆಯೊಂಝರ್ ರೋಡ್ ಸ್ಟೇಶನ್ನಿನಲ್ಲಿ, ಮಳೆಗೆ ನಿಂತ ಗೂಡ್ಸ್ ವ್ಯಾಗನ್ನಿನ ಅಡಿ ಆಸರೆ ಪಡೆದ ಕೂಲಿಯವರ ಮೇಲೆ, ಬಿರುಗಾಳಿಗೆ ಆ ವ್ಯಾಗನ್‌ಗಳೇ ಸರಿದುಬಂದವು. ಆರು ಜನ ಸತ್ತರು. ಎಂಜಿನ್ ಇಲ್ಲದ ವ್ಯಾಗನ್ನನ್ನು ತಳ್ಳಲು ಗಾಳಿಯೊಂದೇ ಸಾಕಾಯಿತು. ಆ ಕೂಲಿಯವರನ್ನು ಟ್ರ್ಯಾಪ್ ಪಾಯಿಂಟ್ ಉಳಿಸುತ್ತಿರಲಿಲ್ಲ, ಅಲ್ಲಿ ಬೇಕಿದ್ದದ್ದು ಬಿಗಿಯಾದ ಬ್ರೇಕು ಮತ್ತು ಅಡ್ಡಗಟ್ಟಿ. ಒಂದು ಕಾವಲು ಇನ್ನೊಂದರ ಬದಲಿಯಲ್ಲ ಎಂಬುದನ್ನು ಮರೆಯಬಾರದು.

ಬೇಕೆಂದೇ ಗಾಡಿಯನ್ನು ಹಳಿ ತಪ್ಪಿಸುವುದು ಎಷ್ಟು ಸರಿ ಎಂಬ ಆಕ್ಷೇಪ ಹಗುರದ್ದಲ್ಲ. ಚಾಲಕನೊಬ್ಬ ಕೆಂಪು ಸಿಗ್ನಲ್ ಕಾಣದೆ ಮುಂದೆ ಬಂದರೆ ಅವನ ಗಾಡಿಯೂ ಟ್ರ್ಯಾಪಿನಲ್ಲಿ ಇಳಿಯುತ್ತದೆ, ಜನರಿದ್ದ ಬೋಗಿ ಇದ್ದರೂ ಇಳಿಯುತ್ತದೆ. ವಾಲಿದ ವ್ಯಾಗನ್ ಮುಖ್ಯ ಹಳಿಗೇ ಅಡ್ಡ ಬೀಳಬಾರದೆಂದರೆ ಟ್ರ್ಯಾಪಿನ ಜಾಗವನ್ನು, ಅದು ತಿರುಗುವ ದಿಕ್ಕನ್ನು ಬಹಳ ಎಚ್ಚರದಿಂದ ಆರಿಸಬೇಕು. ಇವೆಲ್ಲ ನಿಜ. ಆದರೂ ಸೈಡಿಂಗಿನಿಂದ ಹೊರಬರುವ ಗಾಡಿಯ ವೇಗ ಕಡಿಮೆ, ಮುಖ್ಯ ಹಳಿಯ ಗಾಡಿಯದು ಹೆಚ್ಚು. ಕಡಿಮೆ ವೇಗದ ಗಾಲಿ ಜಲ್ಲಿಯಲ್ಲಿ ಹೂತುಕೊಳ್ಳುವುದಕ್ಕೂ ಎರಡು ಗಾಡಿಗಳು ಎದುರಾಬದುರಾ ಬಡಿಯುವುದಕ್ಕೂ ನಡುವಿನ ಅಂತರ ಅಬರ್ಗೆಲಿಯ 33 ಹೆಣಗಳಷ್ಟು. ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ, ಹೆಚ್ಚು ಜನ ಓಡಾಡುವ ಲೂಪ್‌ ಲೈನಿನ ತುದಿಯಲ್ಲಿ ಟ್ರ್ಯಾಪಿಗಿಂತ ಮರಳು ದಿಬ್ಬ ಲೇಸು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಏನೂ ಬೇಡ ಎಂದರೆ ಒಪ್ಪಲಾರೆ.

ಈಗ ಎಲ್ಲವೂ ಎಲೆಕ್ಟ್ರಾನಿಕ್, ಡಿಕ್ಕಿ ತಪ್ಪಿಸುವ ಕವಚ್ ವ್ಯವಸ್ಥೆ ಬರುತ್ತಿದೆ, ಈ ಹಳೆಯ ಕಬ್ಬಿಣ ಯಾಕೆ ಎನ್ನುವವರಿಗೂ ಉತ್ತರ ಇದೆ. ಕವಚ್ ಬ್ರೇಕ್ ಹಾಕುವುದು ತನ್ನ ಉಪಕರಣ ಇರುವ ಎಂಜಿನ್ನಿಗೆ. ತಪ್ಪಿಸಿಕೊಂಡ ವ್ಯಾಗನ್ನಿಗೆ ಎಂಜಿನ್ ಇಲ್ಲ, ರೇಡಿಯೋ ಇಲ್ಲ, ಅದರ ಬ್ರೇಕ್ ಹಾಕುವವರು ಯಾರೂ ಇಲ್ಲ. ಆಕ್ಸಲ್ ಕೌಂಟರ್ ಅದು ಹೊರಗೆ ಹೋಯಿತೆಂದು ಎಣಿಸಿ ಹೇಳುತ್ತದೆ, ಹಿಡಿಯುವುದಿಲ್ಲ. ಅದೇ ಹೊತ್ತಿಗೆ ಟ್ರ್ಯಾಪಿನ ಮಿತಿಯನ್ನೂ ಹೇಳಬೇಕು. 2023ರ ಜೂನ್ 2ರಂದು ಬಾಲಸೋರ್ ಬಳಿಯ ಬಹನಾಗಾ ಬಜಾರಿನಲ್ಲಿ, ಮುಖ್ಯ ಹಳಿಯ ಸಿಗ್ನಲ್ ಪಡೆದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪಿಗೆ ತಿರುಗಿ ನಿಂತ ಗೂಡ್ಸ್ ಗಾಡಿಗೆ ಬಡಿಯಿತು. ಅದಕ್ಕೆ ಮೂಲ, ಸಿಗ್ನಲ್ ವೈರಿಂಗ್‌ನ ತಪ್ಪು. ಟ್ರ್ಯಾಪ್ ತಡೆಯುವುದು ಒಳಗಿನದು ಹೊರಗೆ ಬರುವುದನ್ನು. ಹೊರಗಿನದು ಒಳಗೆ ನುಗ್ಗುವುದಕ್ಕೆ ಅದರಲ್ಲಿ ಮದ್ದಿಲ್ಲ. ಒಂದೊಂದು ಸಾಧನಕ್ಕೆ ಒಂದೊಂದು ಕೆಲಸ. ಹೊಸದು ಬಂತೆಂದು ಹಳೆಯದನ್ನು ಕಿತ್ತರೆ ಆ ಕೆಲಸ ಹಾಗೇ ಬಿದ್ದಿರುತ್ತದೆ.

ವಿಜಯಪುರ ಜಿಲ್ಲೆಯ ಸಿಂದಗಿಗೂ ಮುದ್ದೇಬಿಹಾಳಕ್ಕೂ ಇಂದಿಗೂ ರೈಲಿಲ್ಲ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ, ವಿಜಯಪುರದಿಂದ ಸಿಂದಗಿಯ ಮೇಲೆ ಕಲಬುರಗಿ ಕಡೆಗೆ ಹಳಿ ಬೇಕೆಂಬ ಬೇಡಿಕೆ ಬಹಳ ಹಳೆಯದು, ನ್ಯಾಯವಾದದ್ದು. ಆ ಹಳಿಗಳು ಬಂದಾಗ ತೊಗರಿ, ಗೊಬ್ಬರ, ಸಿಮೆಂಟಿನ ವ್ಯಾಗನ್‌ಗಳು ಎರೆನೆಲದ ಯಾರ್ಡುಗಳಲ್ಲಿ ದಿನಗಟ್ಟಲೆ ನಿಲ್ಲುತ್ತವೆ. ಯಾರ್ಡನ್ನು 1200ಕ್ಕೆ 1ಕ್ಕೆ ಇಳಿಸಬೇಕೆಂದರೆ ಎಷ್ಟು ಮಣ್ಣು ಕಡಿಯಬೇಕು, ಎಷ್ಟು ಕಡೆ ಏರಿ ಹಾಕಬೇಕು, ಟ್ರ್ಯಾಪಿನ ಮುಂದೆ ವ್ಯಾಗನ್ ಇಳಿದು ನಿಲ್ಲಲು ಎಷ್ಟು ಜಾಗ ಬೇಕು, ಮರಳು ದಿಬ್ಬಕ್ಕೆ ಎಷ್ಟು ಉದ್ದ ಬಿಡಬೇಕು ಎಂಬುದೆಲ್ಲ ಭೂಸ್ವಾಧೀನದ ನಕ್ಷೆ ಬರೆಯುವ ದಿನವೇ ತೀರ್ಮಾನವಾಗಬೇಕು. ಹೊಲಗಳ ಗಡಿ ಗುರುತಿಸಿ, ಪರಿಹಾರ ಕೊಟ್ಟು, ಹಳಿ ಹಾಕಿದ ಮೇಲೆ ಆ ಹತ್ತಿಪ್ಪತ್ತು ಗುಂಟೆ ಬೇಕೆಂದರೆ ಸಿಗುವುದಿಲ್ಲ. ಬಯಲು ಎಂಬ ಕಾರಣಕ್ಕೆ ಮೊದಲು ಕೈಬಿಡುವುದು ಅದನ್ನೇ.