ಶ್ರೀಕೃಷ್ಣನು ದಡ ಸೇರಿದ ಮಲ್ಪೆ ಬಂದರು

ಸೋಲಾಪುರ, ಅಕ್ಕಲಕೋಟ ಭಾಗದಿಂದ ಉಡುಪಿ ಶ್ರೀಕೃಷ್ಣನ ದರ್ಶನಕ್ಕೆ ಹೋಗುವ ಭಾವಿಕರು ಬಹುತೇಕ ಮಲ್ಪೆಗೂ ಹೋಗಿ, ಸಮುದ್ರ ನೋಡಿ ಮರಳುತ್ತಾರೆ. ಉಡುಪಿಯಿಂದ ಸುಮಾರು 6 ಕಿ.ಮೀ. ಪಶ್ಚಿಮಕ್ಕಿರುವ ಈ ಬಂದರಿನ ಇತಿಹಾಸವನ್ನು ಭಕ್ತರು ಅರಿಯುವುದು ಉಚಿತವಾಗಿದೆ.

13ನೆಯ ಶತಮಾನದಲ್ಲಿ ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಇಲ್ಲಿ ಬಿರುಗಾಳಿಗೆ ಸಿಕ್ಕಿತು. ಶ್ರೀ ಮಧ್ವಾಚಾರ್ಯರು ತಮ್ಮ ಉತ್ತರೀಯ ಬೀಸಿ ಅದನ್ನು ದಡಕ್ಕೆ ತಂದರು. ಹಡಗಿನವರು ಕಾಣಿಕೆಯಾಗಿ ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿ ಶ್ರೀಕೃಷ್ಣನ ಮೂರ್ತಿ ದೊರೆಯಿತೆಂಬುದು ಪರಂಪರೆಯ ನಂಬಿಕೆ. ಅಣ್ಣ ಬಲರಾಮನು ಮಲ್ಪೆಯ ವಡಭಾಂಡೇಶ್ವರದಲ್ಲಿಯೇ ನೆಲೆಸಿದ್ದಾನೆ.

ಉದ್ಯಾವರ ಹೊಳೆ ಕಡಲು ಸೇರುವಲ್ಲಿ ಈ ಬಂದರು ಇದೆ. ಎದುರಿನ ದರಿಯಾ ಬಹಾದೂರ್ ಗಡವೆಂಬ ನಡುಗಡ್ಡೆಯಲ್ಲಿ ಬಿದನೂರಿನ ಬಸವಪ್ಪ ನಾಯಕನು ಕೋಟೆ ಕಟ್ಟಿಸಿದ್ದನು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಕರಾವಳಿಯೊಡನೆ ಮಲ್ಪೆಯೂ ಇಂಗ್ಲಿಷರ ಕೈಸೇರಿತು.

ಆದರೆ ಬಂದರನ್ನು ಬೆಳೆಸಿದವರು ಅರಸರಲ್ಲ, ದುಡಿಯುವ ಮೊಗವೀರರು. ಅವರ ರಂಪಣಿ ಬಲೆ ಒಬ್ಬನ ಸ್ವತ್ತಾಗಿರಲಿಲ್ಲ. ಹಲವು ಮನೆಯವರು ತಮ್ಮ ತಮ್ಮ ಬಲೆಯ ತುಂಡು ಜೋಡಿಸಿ ಒಂದೇ ಬಲೆ ಮಾಡುತ್ತಿದ್ದರು. ದೋಣಿಯಿಂದ ಬಲೆ ಬಿಟ್ಟು, ದಡದಲ್ಲಿ ನಿಂತು ಹತ್ತಾರು ಜನ ಎಳೆಯುತ್ತಿದ್ದರು. ಸಿಕ್ಕ ಬಂಗುಡೆ, ಬೂತಾಯಿಗೆ ಪಾಲು ಹಾಕುತ್ತಿದ್ದರು. ಹೆಂಗಸರು ಬುಟ್ಟಿ ಹೊತ್ತು ಊರೂರು ತಿರುಗಿ ಮಾರುತ್ತಿದ್ದರು.

ಮುಂದೆ ಯಾಂತ್ರಿಕ ಬೋಟುಗಳು ಬಂದವು. 1975-76ರ ಸುಮಾರಿಗೆ ಪರ್ಸೀನ್ ಬಲೆ ಬಂದ ಮೇಲೆ ಮೀನಿನ ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿದು ಹಿಡಿಯಲಾರಂಭಿಸಿದರು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ವ್ಯಾಪಾರ ಬೆಳೆದು ಮಲ್ಪೆ ಕರ್ನಾಟಕದ ಪ್ರಮುಖ ಮೀನುಗಾರಿಕಾ ಬಂದರಾಯಿತು. ಆದರೆ ಬೋಟು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ನಿನ್ನೆಯ ಪಾಲುದಾರನೇ ಇಂದಿನ ಕೂಲಿಯಾದ ಪ್ರಸಂಗಗಳುಂಟು. ಕೈಮಗ್ಗದ ಸದ್ದನ್ನೂ ಮಿಲ್ಲಿನ ಭೋಂಗಾವನ್ನೂ ಕೇಳಿ, ಕೊನೆಗೆ ಆ ಭೋಂಗಾ ನಿಂತುದನ್ನೂ ಕಂಡ ಸೋಲಾಪುರದವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರ ಬಂದರೂ ಕಡಲಿನ ಭಯ ಹೋಗಲಿಲ್ಲ. 2018ರ ಡಿಸೆಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ 7 ಮೀನುಗಾರರು ಮರಳಲಿಲ್ಲ. 2019ರ ಮೇ ತಿಂಗಳಲ್ಲಿ ನಮ್ಮ ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲಿನಲ್ಲಿ ಬೋಟಿನ ಅವಶೇಷ ಮಾತ್ರ ಸಿಕ್ಕಿತು.

ಮಳೆಗಾಲದಲ್ಲಿ ಮೀನು ಮರಿಮಾಡುವ ಹೊತ್ತಿಗೆ ಯಾಂತ್ರಿಕ ಬೋಟುಗಳು ದಡದಲ್ಲಿಯೇ ನಿಲ್ಲಬೇಕೆಂಬ ನಿಯಮವಿದೆ. ಕಡಲಿಗಿಳಿಯುವ ಮುನ್ನ ಮೀನುಗಾರರು ವಡಭಾಂಡೇಶ್ವರದಲ್ಲಿ ಪ್ರಾರ್ಥಿಸಿ, ಸಮುದ್ರಪೂಜೆ ಮಾಡಿ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಕೊಡುವ ಕಡಲಿನಿಂದ ಮಿತವಾಗಿ ಪಡೆಯಬೇಕು, ಪಡೆದುದನ್ನು ಹಂಚಿಕೊಳ್ಳಬೇಕು ಎಂಬುದೇ ಹಳೆಯ ರಂಪಣಿಯ ಪಾಠ. ಭಕ್ತರು ಇನ್ನು ಮಲ್ಪೆಗೆ ಹೋದಾಗ ಬಲರಾಮನಿಗೆ ಕೈಮುಗಿದು, ಕಡಲಿಗೆ ಹೋದವರೆಲ್ಲ ಸುಖವಾಗಿ ಮನೆ ಸೇರಲೆಂದು ಬೇಡಿಕೊಂಡರೆ ಯಾತ್ರೆ ಸಾರ್ಥಕವಾದೀತು.