ಹೊಲದಿಂದ ಪೊಟ್ಟಣದವರೆಗೆ: ಗ್ರಾಮೀಣ ಮಹಿಳೆಯರ ಕೃಷಿ–ಆಹಾರ ತರಬೇತಿ

ಬೀಜ ಎತ್ತಿಡುವುದು, ಕಳೆ ಕೀಳುವುದು, ಕಾಳು ಕೇರಿ ಹಸನು ಮಾಡುವುದು ಹಳ್ಳಿಗಳಲ್ಲಿ ಬಹುಪಾಲು ಹೆಂಗಸರದೇ ಕೆಲಸ. ಆದರೆ 2015–16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಮಹಿಳೆಯರು ನಿರ್ವಹಿಸುವ ಹಿಡುವಳಿಗಳು ಸುಮಾರು ಶೇ 14 ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವಳನ್ನು ರೈತ ತರಬೇತಿಗೆ ಕರೆಯಬೇಕೆಂದು ಬಹುಕಾಲ ಯಾರಿಗೂ ಹೊಳೆಯಲಿಲ್ಲ.

ಕಲಿಸುವವರು

ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಆರಂಭವಾದದ್ದು 1974ರಲ್ಲಿ, ಪುದುಚೇರಿಯಲ್ಲಿ. ಇಂದು ಅವುಗಳ ಸಂಖ್ಯೆ 700 ದಾಟಿದೆ. ಬೆಳೆ, ಮಣ್ಣು, ತೋಟಗಾರಿಕೆ ತಜ್ಞರ ಜೊತೆಗೆ ಅನೇಕ ಕೇಂದ್ರಗಳಲ್ಲಿ ಗೃಹವಿಜ್ಞಾನ ತಜ್ಞರೂ ಇರುತ್ತಾರೆ. ಮಹಿಳೆಯರ ತರಬೇತಿಯ ಭಾರ ಹೆಚ್ಚಾಗಿ ಅವರ ಮೇಲೆಯೇ. ಕೃಷಿಯಲ್ಲಿ ಮಹಿಳೆಯರ ಪಾತ್ರವನ್ನೇ ಅಧ್ಯಯನ ಮಾಡುವ ಕೇಂದ್ರೀಯ ಸಂಸ್ಥೆ ಭುವನೇಶ್ವರದಲ್ಲಿದೆ. ಸಂಸ್ಕರಣೆಯ ತಂತ್ರಜ್ಞಾನಕ್ಕೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ.

ತಟ್ಟೆಗೆ ಬರುವುದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಪೌಷ್ಟಿಕ ಕೈತೋಟ ಈ ತರಬೇತಿಗಳ ಮುಖ್ಯ ಪಾಠ: ಬಚ್ಚಲ ನೀರು ಹರಿಯುವಲ್ಲಿ ನುಗ್ಗೆ, ದಂಟು, ಹರಿವೆ, ಪಪ್ಪಾಯಿ, ಒಂದು ನಿಂಬೆ ಗಿಡ. ಸೊಪ್ಪಿಗೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಕಡಿಮೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಹೆಂಗಸು ಉಣ್ಣುವ ರೂಢಿಯ ಬಗ್ಗೆಯೂ ಶಿಬಿರದಲ್ಲಿ ಮಾತಾಗಬೇಕು. ಅದನ್ನು ಕೇಳಲು ಗಂಡಸರೂ ಇರಬೇಕು!

ಮೊಳಕೆ ಕಟ್ಟಿದ ರಾಗಿ

ರಾಗಿ ಮಾಲ್ಟ್ ಮಾಡುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ತರಬೇತಿ ಹೇಳಿಕೊಡುವುದು ಅದರ ಹಿಂದಿನ ಕಾರಣ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಬಿಟ್ಟರೆ ಮೊಳಕೆಯೊಡೆಯುತ್ತದೆ. ಆಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗುವುದಿಲ್ಲ. ಒಂದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸಬಹುದು, ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಹೋಗುತ್ತದೆ. ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಬೇಕು. ಘಮ ಬರಲೆಂದು ಕಪ್ಪಾಗುವಂತೆ ಹುರಿದರೆ ಕಿಣ್ವ ಸಾಯುತ್ತದೆ, ಮೊಳಕೆ ಕಟ್ಟಿದ ಶ್ರಮ ವ್ಯರ್ಥ.

ಸಾಮೆಯೂ ಮಿಲ್ಲೂ

ರಾಗಿಯನ್ನು ಹಾಗೇ ಬೀಸಬಹುದು. ಸಾಮೆ, ನವಣೆ, ಹಾರಕಕ್ಕೆ ಗಟ್ಟಿ ಸಿಪ್ಪೆ. ಅದನ್ನು ಒನಕೆಯಲ್ಲಿ ಕುಟ್ಟುತ್ತಿದ್ದವರು ಹೆಂಗಸರು; ಪಡಿತರದ ಅಕ್ಕಿ ಬಂದಾಗ ಅವರು ಈ ಧಾನ್ಯಗಳ ಕೈಬಿಟ್ಟದ್ದರಲ್ಲಿ ಅಚ್ಚರಿಯಿಲ್ಲ. ಸಿರಿಧಾನ್ಯದ ಗುಣಗಾನ ಮಾಡುವ ಭಾಷಣಗಳಲ್ಲಿ ಈ ದುಡಿಮೆಯ ಮಾತೇ ಬರುವುದಿಲ್ಲ. ಸಿಪ್ಪೆ ಸುಲಿಯುವ ಯಂತ್ರ ಊರಲ್ಲಿದ್ದರೆ ಮಾತ್ರ ಸಾಮೆ ಹೊಲಕ್ಕೂ ಅಡುಗೆಮನೆಗೂ ಮರಳುತ್ತದೆ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಆದದ್ದು ಅದೇ. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಬೀಜ ಬ್ಯಾಂಕ್ ಕಟ್ಟಿತು, ಸಿರಿಧಾನ್ಯ ಸಂಸ್ಕರಣಾ ಘಟಕವನ್ನು ತಾನೇ ನಡೆಸಿತು. 2025ರಲ್ಲಿ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಪಾಲಿಶ್ ಮಾಡದ ಸಾಮೆಯಲ್ಲಿ ತೌಡಿನ ಎಣ್ಣೆಯಂಶ ಉಳಿಯುವುದರಿಂದ ಅದು ಬೇಗ ಕಮಟುತ್ತದೆ. ಹಾಗಾಗಿ ಬೇಡಿಕೆ ನೋಡಿಕೊಂಡು ಸುಲಿಸಬೇಕು.

ಹಣ ಮತ್ತು ಕಾಗದಪತ್ರ

ಆಹಾರ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಕಡ್ಡಾಯ. ಸಣ್ಣ ವಹಿವಾಟಿಗೆ ಪ್ರಕ್ರಿಯೆ ಸರಳವಾಗಿದೆ. ಪೊಟ್ಟಣದ ಮೇಲೆ ನಿವ್ವಳ ತೂಕ, ತಯಾರಿಕೆಯ ದಿನಾಂಕ ಇರಬೇಕು. ಯಂತ್ರ ಕೊಳ್ಳಲು 2020ರಲ್ಲಿ ಶುರುವಾದ, ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆ ಶೇ 35 ಸಹಾಯಧನ ಗೊತ್ತುಪಡಿಸಿತು. ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸಂಘದ ಸದಸ್ಯೆಗೆ ಗರಿಷ್ಠ 40,000 ರೂಪಾಯಿ ಮೂಲ ಬಂಡವಾಳವನ್ನೂ ಸೇರಿಸಿತು.

ತರಬೇತಿಗೆ ಹೆಸರು ಕೊಡುವ ಮೊದಲು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಎರಡು ಪ್ರಶ್ನೆ ಕೇಳಿ: ಕಲಿತ ಮೇಲೆ ಬಳಸಲು ಯಂತ್ರ ಎಲ್ಲಿದೆ? ತಯಾರಾದದ್ದನ್ನು ಕೊಳ್ಳುವವರು ಯಾರು? ಪ್ರಮಾಣಪತ್ರದ ವಿಚಾರ ಆಮೇಲೆ ಕೇಳಿದರಾಯಿತು.